ಬೆಳಕಿನ ಸದ್ದಿಗೆ ಬಂದ ಬಿರುದುಗಳು: ಪ್ರಶಸ್ತಿ ಯಾವುದಕ್ಕೆ, ಯಂತ್ರ ಎಲ್ಲಿ?

ಸೂಜಿ ಚುಚ್ಚದೆ, ಬೆಳಕು ಬಿಟ್ಟು ಸದ್ದು ಕೇಳಿ ರಕ್ತದ ಸಕ್ಕರೆ ಅಳೆಯುವ ವಿಧಾನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೆಲಸ ಮಾಡುತ್ತಿದೆ ಎಂಬ ಸುದ್ದಿ 2025ರಲ್ಲಿ ಬಂತು. ‘ಮಾಡುತ್ತಿದೆ’ ಎಂಬುದು ‘ಮಾಡಿಬಿಟ್ಟಿದೆ’ ಆಗಲು ನಮ್ಮಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಆ ಸುದ್ದಿಯಲ್ಲಿದ್ದ ‘ಫೋಟೊಅಕೌಸ್ಟಿಕ್’ ಎಂಬ ಪದ ವಿಜ್ಞಾನ ಪ್ರಶಸ್ತಿಗಳ ಪ್ರಕಟಣೆಗಳಲ್ಲೂ ಆಗಾಗ ಕಾಣುತ್ತದೆ. ಒಬ್ಬರಿಗೆ ದೇಹದೊಳಗಿನ ಚಿತ್ರ ತೆಗೆದಿದ್ದಕ್ಕೆ ಪದಕ, ಇನ್ನೊಬ್ಬರಿಗೆ ಅಳತೆಯ ಉಪಕರಣಕ್ಕೆ, ಮತ್ತೊಬ್ಬರಿಗೆ ಒಂದೇ ಒಂದು ಅಣುವನ್ನು ಗುರುತಿಸಿದ್ದಕ್ಕೆ. ಮೂರೂ ಒಂದೇ ಕ್ಷೇತ್ರವೇ? ಇಷ್ಟು ಪ್ರಶಸ್ತಿ ಬಂದಿದ್ದರೂ ಸಕ್ಕರೆ ಅಳೆಯುವ ಯಂತ್ರ ಅಂಗಡಿಯಲ್ಲಿ ಏಕಿಲ್ಲ? ನೊಬೆಲ್ ಏಕೆ ಬಂದಿಲ್ಲ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ.

ಒಂದೇ ಶಾಖ, ಎರಡು ಸಾಕ್ಷಿ

ವಸ್ತುವೊಂದು ಬೆಳಕನ್ನು ಹೀರಿಕೊಂಡರೆ ಬಿಸಿಯಾಗುತ್ತದೆ. ಬೆಳಕನ್ನು ಬಿಟ್ಟು ಬಿಟ್ಟು ಹಾಯಿಸಿದರೆ ಬಿಸಿಯೂ ಏರಿ ಇಳಿಯುತ್ತದೆ. ಬಿಸಿಯಾದದ್ದು ಹಿಗ್ಗುತ್ತದೆ. ಹಿಗ್ಗುವಾಗ ಸುತ್ತಲಿನದನ್ನು ನೂಕುತ್ತದೆ, ಆ ನೂಕೇ ಸದ್ದು. ಸದ್ದನ್ನು ಮೈಕ್ರೊಫೋನಿನಲ್ಲೋ ಅಲ್ಟ್ರಾಸೌಂಡ್ ಸಂವೇದಕದಲ್ಲೋ ಹಿಡಿದರೆ ಅದು ಫೋಟೊಅಕೌಸ್ಟಿಕ್. ಸದ್ದಿನ ಗೊಡವೆಗೆ ಹೋಗದೆ ಶಾಖವನ್ನೇ ಬೇರೆ ದಾರಿಯಲ್ಲಿ ಹಿಡಿದರೆ ಫೋಟೊಥರ್ಮಲ್. ಬೇಸಿಗೆಯಲ್ಲಿ ಟಾರು ರಸ್ತೆಯ ಮೇಲೆ ನೀರು ನಿಂತಂತೆ ಕಾಣುತ್ತದಲ್ಲ, ಬಿಸಿ ಗಾಳಿ ಬೆಳಕನ್ನು ಬಾಗಿಸುವ ಆ ಮರೀಚಿಕೆಯನ್ನೇ ಪ್ರಯೋಗಾಲಯದಲ್ಲಿ ಕೂದಲೆಳೆಯಷ್ಟು ಸಣ್ಣದಾಗಿ ಮಾಡಿ ಅಳೆಯುತ್ತಾರೆ. ಬಿಸಿಯಾದ ದ್ರವ ಮಸೂರದಂತೆ ವರ್ತಿಸುವುದನ್ನು ಅಳೆಯುವುದು ಇನ್ನೊಂದು ದಾರಿ. ಮೇಲ್ಮೈಯಿಂದ ಹೊರಡುವ ಅವಕೆಂಪು ಕಿರಣವನ್ನು ಅಳೆಯುವುದು ಮತ್ತೊಂದು.

ಬಿಸಿ ಎಂದರೆ ಕೈ ಸುಡುವ ಬಿಸಿಯಲ್ಲ. ಅಂಗಾಂಶದಲ್ಲಿ ಒಂದು ಡಿಗ್ರಿಯ ಸಾವಿರದ ಒಂದು ಪಾಲು ಉಷ್ಣತೆ ಥಟ್ಟನೆ ಏರಿದರೆ ಸುಮಾರು 800 ಪ್ಯಾಸ್ಕಲ್ ಒತ್ತಡ ಹುಟ್ಟುತ್ತದೆ. ಅಲ್ಟ್ರಾಸೌಂಡ್ ಸಂವೇದಕಕ್ಕೆ ಅದು ಧಾರಾಳವಾಯಿತು. ಆದರೆ ಆ ಏರಿಕೆ ‘ಥಟ್ಟನೆ’ ಆಗಲೇಬೇಕು. ಶಾಖ ಹರಡುವ ಮುನ್ನ, ಒತ್ತಡ ಸೋರಿಹೋಗುವ ಮುನ್ನ ಶಕ್ತಿ ಇಳಿದುಬಿಡಬೇಕು. ಅದಕ್ಕೇ ಕೆಲವೇ ನ್ಯಾನೊಸೆಕೆಂಡಿನ ಲೇಸರ್ ಪಲ್ಸ್ ಬೇಕು, ಮತ್ತು ಅದಕ್ಕೇ ದೇಹದೊಳಗೆ ನೋಡುವ ಈ ಯಂತ್ರಗಳು ದುಬಾರಿ, ದೊಡ್ಡವು.

ಫೋಟೊಥರ್ಮಲ್‌ನವರ ಕೈಚಳಕ ಬೇರೆ. ಅವರು ಬೆಳಕನ್ನು ನಿಗದಿತ ಆವರ್ತನದಲ್ಲಿ ಮಿಣುಕಿಸುತ್ತಾರೆ. ನೀರಿನಲ್ಲಿ ಸೆಕೆಂಡಿಗೆ ಒಂದು ಸಲ ಮಿಣುಕಿಸಿದರೆ ಶಾಖದ ಅಲೆ ಸುಮಾರು 0.2 ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ, 100 ಸಲ ಮಿಣುಕಿಸಿದರೆ 0.02 ಮಿಲಿಮೀಟರಿಗೇ ಸಾಕಾಗಿಬಿಡುತ್ತದೆ. ಅಂದರೆ ಆವರ್ತನದ ಗುಂಡಿ ತಿರುಗಿಸಿದರೆ ಆಳ ಬದಲಾಗುತ್ತದೆ. ಕತ್ತರಿಸದೆ, ಕೆರೆಯದೆ ಪದರ ಪದರವಾಗಿ ಒಳಗೆ ನೋಡಬಹುದು. ಪತ್ರಿಕೆಯ ಮುಖಪುಟಕ್ಕೆ ಒಗ್ಗುವ ಚಿತ್ರ ಇದರಿಂದ ಸಿಗುವುದು ಅಪರೂಪ, ಬಹುತೇಕ ಒಂದು ಗೆರೆಯ ನಕ್ಷೆ ಸಿಗುತ್ತದೆ. ಯಾರಿಗೆ ಎಷ್ಟು ಪ್ರಚಾರ ಎಂಬುದರಲ್ಲಿ ಈ ವ್ಯತ್ಯಾಸದ ಪಾಲು ಸಣ್ಣದಲ್ಲ.

ಪ್ರಶಸ್ತಿ ಬಂದ ವರ್ಷವೇ ಶುರುವಾದ ಕಥೆ

1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ಟೆಲಿಫೋನಿಗಾಗಿ ಫ್ರೆಂಚ್ ಸರ್ಕಾರ ವೋಲ್ಟಾ ಪ್ರಶಸ್ತಿ ಕೊಟ್ಟಿತು. ಮೊತ್ತ 50,000 ಫ್ರಾಂಕ್. ಆ ಹಣ ವಾಷಿಂಗ್ಟನ್ನಿನ ವೋಲ್ಟಾ ಪ್ರಯೋಗಾಲಯಕ್ಕೆ ಹೋಯಿತು. ಅದೇ ವರ್ಷ ಚಾರ್ಲ್ಸ್ ಸಮ್ನರ್ ಟೇಂಟರ್ ಜೊತೆ ಬೆಲ್ ಫೋಟೊಫೋನ್ ಮಾಡಿದ್ದ: ಬಿಸಿಲಿನ ಕಿರಣದ ಮೇಲೆ ಮಾತನ್ನು ಕೂರಿಸಿ ಕಳಿಸುವ ಸಾಧನ. ಅದರ ಪ್ರಯೋಗದ ನಡುವೆಯೇ ಇನ್ನೊಂದು ಸಂಗತಿ ಸಿಕ್ಕಿತು. ತೂತುಗಳಿರುವ ಚಕ್ರವನ್ನು ತಿರುಗಿಸಿ ಬಿಸಿಲನ್ನು ಕತ್ತರಿಸಿ ಕತ್ತರಿಸಿ ಘನವಸ್ತುವಿನ ಮೇಲೆ ಬಿಟ್ಟರೆ ವಸ್ತುವೇ ಗುಂಯ್‌ಗುಡುತ್ತಿತ್ತು. ಎಲ್ಲಕ್ಕಿಂತ ಜೋರಾಗಿ ಸದ್ದು ಮಾಡುವವುಗಳಲ್ಲಿ ದೀಪದ ಮಸಿ ಒಂದು. ಬಿದ್ದ ಬೆಳಕನ್ನೆಲ್ಲ ನುಂಗುವುದು ಅದೇ ಅಲ್ಲವೇ. ಇವತ್ತಿಗೂ ಘನವಸ್ತುಗಳ ಫೋಟೊಅಕೌಸ್ಟಿಕ್ ರೋಹಿತ (ಯಾವ ಬಣ್ಣದ ಬೆಳಕಿಗೆ ಎಷ್ಟು ಸದ್ದು ಎಂಬ ನಕ್ಷೆ) ತೆಗೆಯುವವರು ಮೊದಲು ಕಾರ್ಬನ್ ಮಸಿಯ ಸದ್ದು ಅಳೆದು, ಅದನ್ನೇ ಸೇರು ಮಾಡಿಕೊಂಡು ಉಳಿದದ್ದನ್ನು ತೂಗುತ್ತಾರೆ.

1881ರಲ್ಲಿ ಭೌತವಿಜ್ಞಾನಿಗಳಾದ ಟಿಂಡಾಲ್, ರಾಂಟ್ಜೆನ್ ಅನಿಲಗಳಲ್ಲೂ ಇದನ್ನು ಕಂಡರು. ಅಲ್ಲಿಂದ ಮುಂದೆ ಸುಮಾರು ಅರ್ಧ ಶತಮಾನ ವಿಷಯ ಕಪಾಟಿನಲ್ಲೇ ಉಳಿಯಿತು. ಕಿವಿಗಿಂತ ಸೂಕ್ಷ್ಮವಾದ ಮೈಕ್ರೊಫೋನೂ ಇರಲಿಲ್ಲ, ಬಿಸಿಲಿಗಿಂತ ಚೊಕ್ಕವಾದ ಬೆಳಕೂ ಇರಲಿಲ್ಲ. ಸೋವಿಯತ್ ವಿಜ್ಞಾನಿ ವಿಯೆಂಗೆರೊವ್ 1938ರಲ್ಲಿ ಅನಿಲ ವಿಶ್ಲೇಷಣೆಗೆ ಇದನ್ನು ಬಳಸಿದರು. ಲೇಸರ್ ಬಂದಮೇಲೆ, 1971ರಲ್ಲಿ, ಕ್ರೂಜರ್ ಅತಿ ಕಡಿಮೆ ಪ್ರಮಾಣದ ಅನಿಲವನ್ನು ಹಿಡಿಯುವ ದಾರಿ ತೋರಿಸಿದರು. 1976ರಲ್ಲಿ ರೋಸೆನ್‌ಕ್ವೈಗ್ ಮತ್ತು ಗೆರ್ಶೊ ಘನವಸ್ತುವಿನಿಂದ ಸದ್ದು ಏಕೆ ಬರುತ್ತದೆಂದು ಲೆಕ್ಕ ಹಾಕಿದರು: ವಸ್ತುವಿಗೆ ತಾಗಿದ ತೆಳ್ಳನೆಯ ಗಾಳಿಪದರ ಬಿಸಿಯಾಗಿ ಪಿಸ್ಟನ್ನಿನಂತೆ ಉಳಿದ ಗಾಳಿಯನ್ನು ತಳ್ಳುತ್ತದೆ ಎಂದು. ಬೆಲ್ ಕಂಡದ್ದಕ್ಕೆ ಸರಿಯಾದ ವಿವರಣೆ ಸಿಗಲು 96 ವರ್ಷ ಹಿಡಿದಿತ್ತು.

ನೊಬೆಲ್ ಏಕಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಕಂಡುಹಿಡಿದವನು 1922ರಲ್ಲೇ ತೀರಿಕೊಂಡ. ಸಿದ್ಧಾಂತ ಒಬ್ಬರದು, ಅನಿಲ ಇನ್ನೊಬ್ಬರದು, ಚಿತ್ರ ಮತ್ತೊಂದು ತಲೆಮಾರಿನದು. ಒಂದು ನೊಬೆಲ್ ಮೂವರಿಗಿಂತ ಹೆಚ್ಚು ಮಂದಿಗೆ ಹಂಚಿಕೆಯಾಗದು. 145 ವರ್ಷಗಳಲ್ಲಿ ಚದುರಿಹೋದ ಸಾಧನೆಗೆ ಮೂರು ಹೆಸರು ಆರಿಸುವುದು ಯಾವ ಸಮಿತಿಗೂ ಸುಖದ ಕೆಲಸವಲ್ಲ.

ಯಾರು ಯಾರಿಗೆ ಕೊಡುತ್ತಾರೆ

ಕ್ಷೇತ್ರದೊಳಗಿನ ಸ್ವಂತ ಪ್ರಶಸ್ತಿ ಎಂದರೆ ಅಂತರರಾಷ್ಟ್ರೀಯ ಫೋಟೊಅಕೌಸ್ಟಿಕ್ ಮತ್ತು ಫೋಟೊಥರ್ಮಲ್ ಸಂಘ ಹಿರಿಯ ಸಂಶೋಧಕರಿಗೊಂದು, ಕಿರಿಯರಿಗೊಂದು ಎಂದು ಕೊಡುವುದು. ಈ ವಿಷಯದ ಸಮ್ಮೇಳನಗಳ ಸರಣಿ 1979ರಲ್ಲಿ ಅಮೆರಿಕದ ಏಮ್ಸ್‌ನಲ್ಲಿ ಶುರುವಾಗಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಊರೂರು ಸುತ್ತುತ್ತಿದೆ. 2019ರಲ್ಲಿ ಮಾಸ್ಕೊ, ಕೋವಿಡ್ ದಾಟಿ 2022ರಲ್ಲಿ ಸ್ಲೊವೇನಿಯಾದ ಬ್ಲೆಡ್, 2024ರಲ್ಲಿ ಪೋರ್ಚುಗಲ್‌ನ ಕೊಯಿಂಬ್ರಾ. ಪ್ರಶಸ್ತಿಗಳು ಈ ಸಮ್ಮೇಳನಗಳ ಜೊತೆಗೇ ಬರುತ್ತವೆ. ಇಲ್ಲಿ ತೀರ್ಪು ಕೊಡುವವರೂ ಅದೇ ಕಸುಬಿನವರಾದ್ದರಿಂದ ಗೆರೆಯ ನಕ್ಷೆಗೂ ಬೆಲೆಯಿದೆ.

ಹೊರಗಿನ ಪ್ರಶಸ್ತಿಗಳದ್ದು ಬೇರೆ ಲೋಕ. ಅಮೆರಿಕದ ಸಂಶೋಧಕ ಲಿಹಾಂಗ್ ವಾಂಗ್ ಉದಾಹರಣೆ ನೋಡಿ. 2003ರಲ್ಲಿ ಅವರ ತಂಡ ಇಲಿಯ ಮೀಸೆ ಅಲ್ಲಾಡಿಸಿದಾಗ ಮೆದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚಾಗಿ ಹರಿಯಿತೆಂದು, ತಲೆಬುರುಡೆ ತೆರೆಯದೆ, ಫೋಟೊಅಕೌಸ್ಟಿಕ್ ಚಿತ್ರದಲ್ಲಿ ತೋರಿಸಿತು. ಬೆಳಕು ಅಂಗಾಂಶದೊಳಗೆ ಒಂದು ಮಿಲಿಮೀಟರ್ ಹೋಗುವಷ್ಟರಲ್ಲೇ ದಿಕ್ಕು ತಪ್ಪಿ ಚೆದುರುತ್ತದೆ. ಸದ್ದು ಅದಕ್ಕಿಂತ ನೂರಾರು ಪಟ್ಟು ಕಡಿಮೆ ಚೆದುರುತ್ತದೆ. ಹೋಗುವಾಗ ಬೆಳಕಾಗಿ ಹೋಗಿ ಬರುವಾಗ ಸದ್ದಾಗಿ ಬಂದರೆ ಕೆಲವು ಸೆಂಟಿಮೀಟರ್ ಆಳದ ರಕ್ತನಾಳವೂ ಚಿತ್ರದಲ್ಲಿ ಮೂಡುತ್ತದೆ. ವಾಂಗ್ ಅವರಿಗೆ ಮೇಲೆ ಹೇಳಿದ ಸಂಘದ ಹಿರಿಯ ಪ್ರಶಸ್ತಿಯ ಜೊತೆಗೆ ದೃಗ್ವಿಜ್ಞಾನ ಸಂಘಟನೆಗಳ ಬ್ರಿಟನ್ ಚಾನ್ಸ್ ಪ್ರಶಸ್ತಿ, ಮೀಸ್ ಪದಕ, ಎಂಜಿನಿಯರುಗಳ ಸಂಘಟನೆಯ ಜೈವಿಕ ವೈದ್ಯಕೀಯ ಪ್ರಶಸ್ತಿಗಳೂ ಬಂದವು. ಮ್ಯೂನಿಕ್‌ನ ವಾಸಿಲಿಸ್ ಟ್ಸಿಯಾಕ್ರಿಸ್ಟೊಸ್ ಅವರಿಗೆ 2013ರಲ್ಲಿ ಜರ್ಮನಿಯ ಲೈಬ್ನಿಜ್ ಪ್ರಶಸ್ತಿ ಬಂತು. ಅದರ ಮೊತ್ತ 25 ಲಕ್ಷ ಯೂರೊವರೆಗೂ ಇರುತ್ತದೆ, ಮತ್ತು ಅದು ಸಂಶೋಧನೆಗೇ ಹೋಗಬೇಕು.

ಫೋಟೊಥರ್ಮಲ್ ಕಡೆಯ ಪ್ರಶಸ್ತಿಗಳು ಬಹುಮಟ್ಟಿಗೆ ಬೇರೆ ಹೆಸರಿನಡಿ ಅಡಗಿರುತ್ತವೆ. ಟೊರಾಂಟೊದ ಆಂಡ್ರಿಯಾಸ್ ಮ್ಯಾಂಡೆಲಿಸ್ ಅವರಿಗೆ ಅಮೆರಿಕನ್ ಫಿಸಿಕಲ್ ಸೊಸೈಟಿ ಕೊಟ್ಟ ಕೀತ್ಲಿ ಪ್ರಶಸ್ತಿ ಇರುವುದು ಅಳತೆಯ ವಿಜ್ಞಾನಕ್ಕೆ. ಲೈಡನ್ನಿನ ಮಿಶೆಲ್ ಓರಿಟ್ ಅವರಿಗೆ 2017ರಲ್ಲಿ ನೆದರ್ಲೆಂಡ್ಸ್‌ನ ಸ್ಪಿನೋಜಾ ಪ್ರಶಸ್ತಿ ಬಂದಾಗ ಎಲ್ಲರೂ ಹೇಳಿದ್ದು ಒಂಟಿ ಅಣುವಿನ ವಿಚಾರ. ಬೆಳಕೇ ಹೊರಸೂಸದ ಚಿನ್ನದ ನ್ಯಾನೊಕಣವನ್ನು ಅದು ಬಿಸಿಯಾಗುವುದರಿಂದಲೇ ಗುರುತಿಸಬಹುದೆಂದು 2002ರಲ್ಲಿ ತೋರಿಸಿದ ತಂಡದಲ್ಲಿ ಅವರಿದ್ದರು ಎಂಬುದು ಸುದ್ದಿಗೆ ಬರಲಿಲ್ಲ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕೆ. ಎನ್. ಪಟೇಲ್ ಅವರ ಕಥೆಯೂ ಇಂಥದ್ದೇ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ಜನಕನೆಂದು ಹೆಸರು, 1996ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ. 1970ರ ದಶಕದಲ್ಲಿ ಬಲೂನಿನಲ್ಲಿ ಇದೇ ಬೆಳಕು-ಸದ್ದಿನ ಯಂತ್ರ ಏರಿಸಿ ವಾಯುಮಂಡಲದ ಮೇಲ್ಪದರದ ನೈಟ್ರಿಕ್ ಆಕ್ಸೈಡ್ ಅಳೆದದ್ದು ಬಲ್ಲವರಿಗಷ್ಟೇ ಗೊತ್ತು.

ಹೆಸರಿನ ಜಗಳವೂ ಉಂಟು. ಅಮೆರಿಕದ ಹೆಚ್ಚಿನವರು ‘ಫೋಟೊಅಕೌಸ್ಟಿಕ್’ ಎಂದರೆ ಮ್ಯೂನಿಕ್‌ನವರು ‘ಆಪ್ಟೊಅಕೌಸ್ಟಿಕ್’ ಎನ್ನುತ್ತಾರೆ. ಎರಡೂ ಒಂದೇ. ಪ್ರಶಸ್ತಿ ಪ್ರಕಟಣೆ ಓದುವಾಗ ಎರಡು ಬೇರೆ ಆವಿಷ್ಕಾರ ಎಂದುಕೊಳ್ಳಬೇಕಿಲ್ಲ.

ಸಕ್ಕರೆಯ ಲೆಕ್ಕ

ಈಗ ಬೆಂಗಳೂರಿನ ಸುದ್ದಿಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಜಯಪ್ರಕಾಶ್ ಅವರ ತಂಡ ಮಾಡಿದ್ದು ನಿಜಕ್ಕೂ ಜಾಣತನದ ಕೆಲಸ. ಗ್ಲೂಕೋಸ್ ಅಣುವಿಗೆ ಎಡ-ಬಲದ ವ್ಯತ್ಯಾಸವಿದೆ, ಅದು ಧ್ರುವೀಕೃತ ಬೆಳಕು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು, ಕಂಪಿಸುವ ದಿಕ್ಕನ್ನು ತುಸು ತಿರುಗಿಸುತ್ತದೆ. ಧ್ರುವೀಕರಣ ಬದಲಾದರೆ ಹುಟ್ಟುವ ಸದ್ದಿನ ಪ್ರಮಾಣವೂ ಬದಲಾಗುತ್ತದೆ. ಅದನ್ನು ಹಿಡಿದು 3.5 ಮಿಲಿಮೀಟರ್ ಆಳದವರೆಗೆ ಗ್ಲೂಕೋಸ್ ಅಂದಾಜು ಮಾಡಿದರು. ಆರೋಗ್ಯವಂತ ಸ್ವಯಂಸೇವಕರೊಬ್ಬರ ಸಕ್ಕರೆಯನ್ನು ಮೂರು ದಿನ ಊಟಕ್ಕೆ ಮುಂಚೆ, ಊಟದ ನಂತರ ಗಮನಿಸಿದರು. ಲೇಸರ್ ದುಬಾರಿ, ದೊಡ್ಡದು, ಚಿಕ್ಕದು ಮಾಡಬೇಕು ಎಂದು ತಂಡದವರೇ ಹೇಳಿದ್ದಾರೆ. ಅವರು ಹೇಳಿದ್ದು ಇಷ್ಟೇ. ಯಂತ್ರ ಬಂದೇಬಿಟ್ಟಿತು ಎಂಬ ಉಳಿದ ಮಾತು ಸುದ್ದಿ ಹಂಚಿಕೊಂಡವರ ಕೊಡುಗೆ.

ಇದು ಯಂತ್ರವಾಗಲು ಏಕೆ ಕಷ್ಟ? ಡೆಸಿಲೀಟರಿಗೆ 100 ಮಿಲಿಗ್ರಾಂ ಎಂದರೆ ತೂಕದಲ್ಲಿ ಸುಮಾರು 0.1 ಶೇಕಡಾ ಸಕ್ಕರೆ. ಊಟವಾದಮೇಲೆ 150ಕ್ಕೆ ಏರಿತು ಎನ್ನಿ, ಬದಲಾದದ್ದು 0.05 ಶೇಕಡಾ. ಆ ಕಡೆ, ಬೆಳಕಿನಿಂದ ಎಷ್ಟು ಸದ್ದು ಹುಟ್ಟುತ್ತದೆ ಎಂಬುದು ಉಷ್ಣತೆಯನ್ನೂ ಅವಲಂಬಿಸಿದೆ. ಸದ್ದಿನ ಆ ಗುಣಾಂಕ ನೀರಿನಲ್ಲಿ 20 ಡಿಗ್ರಿಯಲ್ಲಿ ಸುಮಾರು 0.11 ಇದ್ದರೆ 37 ಡಿಗ್ರಿಯಲ್ಲಿ 0.2. ಒಂದು ಡಿಗ್ರಿ ಹೆಚ್ಚು ಕಡಿಮೆಯಾದರೆ ಸದ್ದು ಸುಮಾರು 2.6 ಶೇಕಡಾ ಬದಲಾಗುತ್ತದೆ. ಬಿಸಿಲಿನಿಂದ ಒಳಗೆ ಬಂದು ಎ.ಸಿ. ಕೋಣೆಯಲ್ಲಿ ಕೂತವರ ಚರ್ಮ ಒಂದೆರಡು ಡಿಗ್ರಿ ತಣ್ಣಗಾಗಲು ಎಷ್ಟು ಹೊತ್ತು ಬೇಕು? ಉಷ್ಣತೆಯನ್ನು ಬೇರೆಯಾಗಿ ಅಳೆದು ತೆಗೆದುಹಾಕದಿದ್ದರೆ ಯಂತ್ರ ಸಕ್ಕರೆಯ ಬದಲು ಫ್ಯಾನಿನ ಗಾಳಿಯನ್ನೇ ಅಳೆದೀತು. ಚರ್ಮದ ಬಣ್ಣವೂ ಅಡ್ಡ ಬರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಮೊದಲೇ ನುಂಗಿ ತಾನೇ ಜೋರಾಗಿ ಸದ್ದು ಮಾಡುತ್ತದೆ, ಕೆಳಗಿನ ಸದ್ದು ಅದರಲ್ಲಿ ಮುಳುಗುತ್ತದೆ. ಸರಿ, ಬೆಳಕನ್ನೇ ಹೆಚ್ಚಿಸೋಣ ಎಂದರೆ ಚರ್ಮದ ಸುರಕ್ಷತಾ ಮಿತಿ ಇದೆ: ಕಣ್ಣಿಗೆ ಕಾಣುವ ಬೆಳಕಿನ ಪಲ್ಸ್‌ಗೆ ಚದರ ಸೆಂಟಿಮೀಟರಿಗೆ 20 ಮಿಲಿಜೂಲ್.

ಮನೆಯಲ್ಲಿ ಬಳಸುವ ಗ್ಲುಕೋಮೀಟರಿಗಿರುವ ಅಂತರರಾಷ್ಟ್ರೀಯ ಮಾನಕ, 2013ರದ್ದು, ಹೇಳುವುದು ಹೀಗೆ: 100 ಮಿಲಿಗ್ರಾಂಗಿಂತ ಕೆಳಗಿದ್ದಾಗ 95 ಶೇಕಡಾ ಫಲಿತಾಂಶಗಳು ಪ್ರಯೋಗಾಲಯದ ಅಳತೆಯಿಂದ 15 ಮಿಲಿಗ್ರಾಂ ಒಳಗಿರಬೇಕು, ಅದಕ್ಕಿಂತ ಮೇಲಿದ್ದರೆ 15 ಶೇಕಡಾ ಒಳಗೆ. ಬೆರಳಿಗೆ ಚುಚ್ಚಿ ತೆಗೆದ ರಕ್ತ ಈ ಪರೀಕ್ಷೆ ದಾಟುತ್ತದೆ. ಚರ್ಮದ ಹೊರಗಿನಿಂದ ಕಿವಿಗೊಟ್ಟು ಕೇಳುವುದು ದಾಟಬೇಕಾದರೆ ಬೇರೆ ಬೇರೆ ವಯಸ್ಸಿನ, ಬಣ್ಣದ, ಮೈಕಟ್ಟಿನ ನೂರಾರು ಜನರ ಮೇಲೆ ತೋರಿಸಬೇಕು. ಚುಚ್ಚದೆ ಸಕ್ಕರೆ ಅಳೆಯುತ್ತೇವೆಂದು ಮಾರುವ ಗಡಿಯಾರ, ಉಂಗುರಗಳನ್ನು ನಂಬಬೇಡಿ, ಅಂಥ ಯಾವುದಕ್ಕೂ ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ಸಕ್ಕರೆ ಕಾಯಿಲೆಯವರು ತಪ್ಪು ಅಂಕಿ ನಂಬಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಜೀವಕ್ಕೇ ಸಂಚಕಾರ.

ಹಾಗೆಂದು ವೈದ್ಯಕೀಯದಲ್ಲಿ ಏನೂ ಆಗಿಲ್ಲವೆಂದಲ್ಲ. ಸ್ತನದ ಗಂಟು ಪರೀಕ್ಷಿಸುವ ಇಮೇಜಿಯೊ ಎಂಬ ಯಂತ್ರಕ್ಕೆ ಎಫ್‌ಡಿಎ 2021ರ ಜನವರಿಯಲ್ಲಿ ಅನುಮತಿ ಕೊಟ್ಟಿತು. ಅದು 757 ಮತ್ತು 1064 ನ್ಯಾನೊಮೀಟರ್‌ನ ಎರಡು ಬೆಳಕು ಬಳಸಿ, ಗಂಟಿನ ಸುತ್ತಲ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಲ್ಟ್ರಾಸೌಂಡ್ ಚಿತ್ರದ ಮೇಲೆಯೇ ತೋರಿಸುತ್ತದೆ. ಇಲ್ಲಿ ಗೆಲುವು ಸಿಕ್ಕಿದ್ದಕ್ಕೆ ಕಾರಣ ಸರಳ: ಹಿಮೋಗ್ಲೋಬಿನ್ ಬೆಳಕನ್ನು ಬಾಚಿ ಬಾಚಿ ಹೀರುತ್ತದೆ, ಗ್ಲೂಕೋಸ್ ಹೀರುವುದು ತೀರ ಕಡಿಮೆ. ಒಂದೇ ವಿಧಾನ, ಎರಡು ಅಣು, ಎರಡು ಹಣೆಬರಹ.

ಸುದ್ದಿಯಾಗದೆ ದುಡಿಯುವವು

ಪ್ರಶಸ್ತಿ ಪಟ್ಟಿ ಮಾತ್ರ ನೋಡಿದರೆ ಈ ಕ್ಷೇತ್ರ ಆಸ್ಪತ್ರೆಗೆ ಹೋಗುವ ದಾರಿಯಲ್ಲಿದೆ ಅನಿಸುತ್ತದೆ. ನಿಜದಲ್ಲಿ ಅದು ಕಾರ್ಖಾನೆಗೆ, ಸಬ್‌ಸ್ಟೇಷನ್ನಿಗೆ, ಗೋಡೆಯ ಮೇಲಿನ ಪೆಟ್ಟಿಗೆಗೆ ಯಾವತ್ತೋ ತಲುಪಿದೆ. ಸಿದ್ಧಾಂತ ಬರೆದ ರೋಸೆನ್‌ಕ್ವೈಗ್ ಅವರೇ 1982ರಲ್ಲಿ ಥರ್ಮಾ-ವೇವ್ ಎಂಬ ಕಂಪನಿ ಕಟ್ಟಿದರು. ಚಿಪ್ ತಯಾರಿಕೆಯಲ್ಲಿ ಸಿಲಿಕಾನ್ ಬಿಲ್ಲೆಗೆ ಅಯಾನು (ವಿದ್ಯುದಾವೇಶವಿರುವ ಪರಮಾಣು) ತೂರಿಸಿದಾಗ ಪ್ರಮಾಣ ಸರಿಯಾಗಿ ಬಿತ್ತೇ ಎಂದು ಮುಟ್ಟದೆ, ಕೆಡಿಸದೆ ನೋಡಲು ಅವರ ಫೋಟೊಥರ್ಮಲ್ ಯಂತ್ರ ಕಾರ್ಖಾನೆಗಳಲ್ಲಿ ನೆಲೆಯಾಯಿತು.

ದೊಡ್ಡ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿ ಕರಗಿರುವ ಅನಿಲ ಅಳೆಯುವ ಕೆಲವು ಉಪಕರಣಗಳೂ ಫೋಟೊಅಕೌಸ್ಟಿಕ್ಕೇ. ಎಣ್ಣೆಯಲ್ಲಿ ಅಸಿಟಿಲಿನ್ ಕಂಡರೆ ಒಳಗೆ ಕಿಡಿ ಹಾರುತ್ತಿದೆ ಎಂದರ್ಥ. ಆದರೆ ಇವುಗಳಿಗೊಂದು ಕುರುಡುತನ ಇದೆ: ಹೈಡ್ರೋಜನ್ ಅವಕೆಂಪು ಬೆಳಕನ್ನು ಹೀರುವುದೇ ಇಲ್ಲ, ಆದ್ದರಿಂದ ಸದ್ದೂ ಮಾಡುವುದಿಲ್ಲ. ಅದಕ್ಕೆ ಪ್ರತ್ಯೇಕ ಸಂವೇದಕ ಇಡಲೇಬೇಕು.

ಕಚೇರಿ, ತರಗತಿಗಳಲ್ಲಿ ಕಾರ್ಬನ್ ಡೈಆಕ್ಸೈಡ್ ತೋರಿಸುವ ಸಣ್ಣ ಪೆಟ್ಟಿಗೆಗಳಲ್ಲಿ ಈಗ ಬರುವ ಸೆನ್ಸಿರಿಯನ್ ಎಸ್‌ಸಿಡಿ40ಯಂಥ ಸಂವೇದಕ 10 ಮಿಲಿಮೀಟರ್ ಚೌಕದ ಒಂದು ತುಣುಕು. ಒಳಗೆ ಮಿಣುಕುವ ಅವಕೆಂಪು ದೀಪ, ಪುಟ್ಟ ಕೋಣೆ, ಒಂದು ಮೈಕ್ರೊಫೋನ್. ಬೆಲ್‌ನ ಪ್ರಯೋಗವೇ, ಬೆರಳುಗುರಿನಷ್ಟು ಜಾಗದಲ್ಲಿ. ಇದನ್ನು ಕೊಂಡು ಜೋಡಿಸುವವರು ಎಡವುವುದು ಹೆಚ್ಚಾಗಿ ಎರಡು ಕಡೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಎತ್ತರದ ಅಂಕಿ ಕೊಡದೆ ಬಿಟ್ಟರೆ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಓದು ತಪ್ಪುತ್ತದೆ. ಎರಡನೆಯದು ತಂತಾನೇ ಸರಿಪಡಿಸಿಕೊಳ್ಳುವ ಅದರ ಅಭ್ಯಾಸ: ವಾರಕ್ಕೊಮ್ಮೆಯಾದರೂ ಸುಮಾರು 400 ಪಿಪಿಎಂನ (ಹತ್ತು ಲಕ್ಷ ಪಾಲಿನಲ್ಲಿ 400 ಪಾಲು ಕಾರ್ಬನ್ ಡೈಆಕ್ಸೈಡ್ ಇರುವ) ಹೊರಗಾಳಿ ಸಿಗುತ್ತದೆಂದು ಅದು ನಂಬಿಕೊಂಡಿರುತ್ತದೆ. ಕಿಟಕಿಯೇ ತೆರೆಯದ ಕೋಣೆಯಲ್ಲಿಟ್ಟರೆ ಅಲ್ಲಿನ ಕೆಟ್ಟ ಗಾಳಿಯನ್ನೇ ಒಳ್ಳೆಯ ಗಾಳಿ ಎಂದುಕೊಂಡು ಮುಂದೆ ಸುಳ್ಳು ಹೇಳುತ್ತದೆ.

ಇನ್ನೂ ಸೂಕ್ಷ್ಮ ಅನಿಲ ಪತ್ತೆಯಲ್ಲಿ ದೊಡ್ಡ ತಿರುವು ಬಂದದ್ದು 2002ರಲ್ಲಿ, ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ. ಕೊಸ್ಟೆರೆವ್, ಟಿಟ್ಟೆಲ್ ಮತ್ತು ಸಂಗಡಿಗರು ಮೈಕ್ರೊಫೋನ್ ತೆಗೆದು ಕೈಗಡಿಯಾರದೊಳಗಿನ ಕ್ವಾರ್ಟ್ಜ್ ಕವೆಯನ್ನು, ಅಂದರೆ ಎರಡು ಕಾಲಿನ ಪುಟ್ಟ ಹರಳನ್ನು, ಕೂರಿಸಿದರು. ಸೆಕೆಂಡಿಗೆ 32,768 ಸಲ ಕಂಪಿಸುವ ಇದರ ಎರಡು ಕಾಲುಗಳ ನಡುವೆ 0.3 ಮಿಲಿಮೀಟರ್ ಸಂದು. ಹೊರಗಿನ ಗದ್ದಲ ಎರಡೂ ಕಾಲುಗಳನ್ನು ಒಂದೇ ಕಡೆಗೆ ತಳ್ಳುವುದರಿಂದ ರದ್ದಾಗಿಹೋಗುತ್ತದೆ. ಸಂದಿನೊಳಗಿನ ಅನಿಲದ ಸದ್ದು ಮಾತ್ರ ಅವನ್ನು ಎರಡು ಕಡೆಗೆ ಅಗಲಿಸುತ್ತದೆ. ಕೆಲವೇ ರೂಪಾಯಿಯ ತುಣುಕು, ಆದರೆ ಜೋಡಿಸುವವರ ಕೈ ಗಟ್ಟಿಯಿರಬೇಕು. ಲೇಸರ್ ಕಿರಣ ಕವೆಯ ಕಾಲಿಗೆ ಕೂದಲೆಳೆಯಷ್ಟು ತಾಗಿದರೂ ಕಾಲೇ ಬಿಸಿಯಾಗಿ, ಇಲ್ಲದ ಅನಿಲ ಇದೆಯೆಂದು ತೋರಿಸುತ್ತದೆ. ತೇವಾಂಶದ ಕಾಟ ಬೇರೆ. ಕೆಲವು ಅನಿಲಗಳು ಹೀರಿದ ಶಕ್ತಿಯನ್ನು ಶಾಖವಾಗಿ ಬಿಟ್ಟುಕೊಡಲು ತಡ ಮಾಡುತ್ತವೆ, ನೀರಾವಿ ಇದ್ದರೆ ಬೇಗ ಬಿಡುತ್ತವೆ. ಒಣಗಾಳಿಯಲ್ಲಿ ಅಳತೆಗೆ ಸರಿಹೊಂದಿಸಿದ ಯಂತ್ರವನ್ನು ಮಳೆಗಾಲದಲ್ಲಿ ಹೊರಗಿಟ್ಟರೆ ಅನಿಲ ಹೆಚ್ಚಿತೆಂದು ಕೂಗುತ್ತದೆ, ಹೆಚ್ಚಿರುವುದು ಆರ್ದ್ರತೆ ಮಾತ್ರ.

ವಾದ ಎಲ್ಲಿದೆ, ಪರಿಣಾಮ ಏನು

ಪ್ರಶಸ್ತಿ ಯಾವ ಕಡೆಗೆ ಹೋಗಬೇಕೆಂಬುದರಲ್ಲಿ ಎರಡು ನಿಲುವು. ರೋಗಿಗೆ ಉಪಯೋಗವಾಗುವ ಕೆಲಸಕ್ಕೇ ಮನ್ನಣೆ ಸಿಗಬೇಕು, ಹೂಡಿಕೆ ಬರುವುದೂ ಯುವಕರು ಬರುವುದೂ ಅದರಿಂದಲೇ ಎನ್ನುವುದು ಒಂದು. ಇದು ಹುಸಿಯಲ್ಲ. ಅಳತೆಯ ನಿಖರತೆ ಗಟ್ಟಿಯಾಗದೆ ಚಿತ್ರಕ್ಕೆ ಪದಕ ಕೊಟ್ಟರೆ ಅಡಿಪಾಯ ಬಿಟ್ಟು ಗೋಪುರಕ್ಕೆ ಸುಣ್ಣ ಬಳಿದಂತೆ ಎನ್ನುವುದು ಇನ್ನೊಂದು. ಮೇಲಿನ ಸಕ್ಕರೆಯ ಲೆಕ್ಕ ನೋಡಿದರೆ ಎರಡನೆಯವರ ಮಾತಿಗೆ ತೂಕ ಹೆಚ್ಚು ಎನ್ನಲೇಬೇಕು. ಅಲ್ಲಿ ದಾರಿ ಕಟ್ಟಿರುವುದು ಚಿತ್ರದ ಕೊರತೆಯಲ್ಲ, ಒಂದು ಡಿಗ್ರಿ ಉಷ್ಣತೆ.

ಪರಿಣಾಮ ಸರಪಳಿಯಂತೆ ಸಾಗುತ್ತದೆ. ದೊಡ್ಡ ಪ್ರಶಸ್ತಿ ಚಿತ್ರಕ್ಕೆ ಬಂದರೆ ಹೊಸ ಪಿಎಚ್‌ಡಿಗಳು ಆ ಕಡೆ ಹರಿಯುತ್ತವೆ. ಆ ಕಡೆ ಹರಿದರೆ ಶಾಖದ ಅಲೆಯ ಲೆಕ್ಕ ಬಲ್ಲವರು ತೆಳುವಾಗುತ್ತಾರೆ. ಕಂಪನಿಯ ಕೈಪತ್ರದಲ್ಲಿ ವಿಧಾನಕ್ಕೆ ಬಂದ ಪ್ರಶಸ್ತಿ ಯಂತ್ರಕ್ಕೇ ಬಂದಂತೆ ಅಚ್ಚಾಗುತ್ತದೆ. ಹೀಗಾಗಿ ಪ್ರಶಸ್ತಿಯ ಸುದ್ದಿ ಓದುವಾಗ ಕೇಳಬೇಕಾದದ್ದು ಇಷ್ಟು: ಅಳೆದದ್ದು ಏನನ್ನು, ಎಷ್ಟು ಜನರಲ್ಲಿ, ಯಾವ ಮಾನಕ ಅಳತೆಗೆ ಹೋಲಿಸಿ, ಉಷ್ಣತೆ ಮತ್ತು ಚರ್ಮದ ಬಣ್ಣ ಬದಲಾದಾಗ ದೋಷ ಎಷ್ಟು ಬಂತು. ಇವುಗಳಿಗೆ ಉತ್ತರವಿಲ್ಲದಿದ್ದರೆ ಅದು ಒಳ್ಳೆಯ ವಿಜ್ಞಾನವೇ ಇರಬಹುದು, ಔಷಧದಂಗಡಿಯ ವಸ್ತುವಲ್ಲ.

ಕರ್ನಾಟಕದ ಪಾಲು ಇಲ್ಲಿ ಸಣ್ಣದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಫಣೀಂದ್ರ ಯಲವರ್ತಿ ಅವರ ತಂಡ ಕೆಲವೇ ಸಂವೇದಕಗಳ ಅರೆಬರೆ ದತ್ತಾಂಶದಿಂದ ಪೂರ್ಣ ಚಿತ್ರ ಕಟ್ಟುವ ಗಣಿತದ ಮೇಲೆ ಕೆಲಸ ಮಾಡಿದೆ. ಸಂವೇದಕ ಕಡಿಮೆಯಾದರೆ ಯಂತ್ರ ಅಗ್ಗವಾಗುತ್ತದೆ. ಮಣಿಪಾಲದಲ್ಲಿ ಅಂಗಾಂಶ, ಪ್ರೋಟೀನುಗಳ ಫೋಟೊಅಕೌಸ್ಟಿಕ್ ರೋಹಿತದ ಅಧ್ಯಯನ ನಡೆದಿದೆ.

ಬೇರೆ ಬೇರೆ ಪ್ರಯೋಗಾಲಯಗಳ ಯಂತ್ರಗಳು ಒಂದೇ ವಸ್ತುವನ್ನು ನೋಡಿ ಒಂದೇ ಅಂಕಿ ಹೇಳುವಂತೆ ಮಾಡಲು ಈಗ ಅಂತರರಾಷ್ಟ್ರೀಯ ಮಾನಕೀಕರಣ ಒಕ್ಕೂಟವೊಂದು ಕೆಲಸ ಮಾಡುತ್ತಿದೆ. ಚರ್ಮ, ಕೊಬ್ಬನ್ನು ಹೋಲುವ ಪಾಲಿಮರ್-ಎಣ್ಣೆಯ ಗಟ್ಟಿ ಮಿಶ್ರಣದ ಮಾದರಿ, ಎಲ್ಲರೂ ಓದಬಲ್ಲ ದತ್ತಾಂಶದ ನಮೂನೆ, ಇಂಥವು ಅದರ ಕೆಲಸ. ಪದಕ ಹಿಡಿದು ನಿಂತ ಫೋಟೊ ಇದರಿಂದ ಬರುವುದು ಕಷ್ಟ. ಆದರೆ ಸಕ್ಕರೆ ಅಳೆಯುವ ಯಂತ್ರವೊಂದು ನಿಜವಾಗಿ ಬರುವುದಾದರೆ ಮೊದಲು ಅಂಕಿ ಒಪ್ಪಿಸಬೇಕಾದದ್ದು ಆ ಎಣ್ಣೆ ಗಟ್ಟಿಯ ಮುಂದೆಯೇ.